ಸರ್ಪಗಂಧ ಮತ್ತು ಡಾ. ವಕೀಲ್
ಎಲ್ಲರಿಗೂ ನಮಸ್ಕಾರ. ನಿನ್ನೆ ಬಿಪಿ ಇಳಿಸೋಕೆ ಸರ್ಪಗಂಧ ಅನ್ನೋ ಔಷಧಿ ಗಿಡದ ಬೇರಿನ ಕಷಾಯ ಕುಡಿಯಿರಿ ಅಂತ ಮೆಸೇಜ್ ಬಂತಲ್ವಾ, ದಯವಿಟ್ಟು ಅದನ್ನು ಸುಮ್ನೆ ಫಾರ್ವರ್ಡ್ ಮಾಡಬೇಡಿ.

ಬಿಪಿ ಇಳಿಸುವ ಆ ಬೇರಿನ ಗುಣವನ್ನು ಜಗತ್ತಿಗೆ ತೋರಿಸಿಕೊಟ್ಟವರು ಮುಂಬೈನ ಡಾ. ರುಸ್ತಮ್ ಜಾಲ್ ವಕೀಲ್. ಲಂಡನ್ನಿನಲ್ಲಿ ಓದಿ ಬಂದು ಕೆಇಎಂ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಅವರು ಕೇಳಿದ್ದನ್ನೇ ನಂಬಿ ಕೂರಲಿಲ್ಲ. ರೋಗಿಗಳಿಗೆ ಕೊಟ್ಟು, ಬಿಪಿ ಅಳೆದು, ಬರೆದಿಟ್ಟು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಬಿಪಿಗೆ ಒಳ್ಳೆಯ ಮಾತ್ರೆಗಳೇ ಇರಲಿಲ್ಲ! 1957ರಲ್ಲಿ ಅವರಿಗೆ ವೈದ್ಯಕೀಯ ಸಂಶೋಧನೆಗೆ ಕೊಡುವ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. ನನಗಂತೂ ಇದು ತುಂಬಾ ಹೆಮ್ಮೆಯ ವಿಷಯ.

ಆದರೆ ಆ ಬೇರಿನಲ್ಲಿರುವ ರಿಸರ್ಪಿನ್ ಎಂಬ ಔಷಧದ ಅಂಶ ಜಾಸ್ತಿಯಾದರೆ ಮೂಗು ಕಟ್ಟುತ್ತದೆ, ಮನಸ್ಸು ಕುಗ್ಗುತ್ತದೆ. ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಯಾರೂ ನಿಲ್ಲಿಸಬೇಡಿ.