ಮುತ್ತಾತನ ಹೆಸರಿದ್ದ ಆ ಪುಟ

ಪ್ರಿಯ ಮಂಜು,

ಹೋದ ತಿಂಗಳು ಫೋನಿನಲ್ಲಿ ಕೇಳಿದ್ದೆಯಲ್ಲ, "ಹಳೇ ಸಾವುಗಳ ಲೆಕ್ಕ ಹುಡುಕಿದರೆ ಏನು ಸಿಗುತ್ತೋ?" ಅಂತ. ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಬಾಯಲ್ಲಿ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಜ್ಜಿಯ ಅಪ್ಪ ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು, ಕ್ಷಯ ಬಂದು ತೀರಿಕೊಂಡರು. ನಮ್ಮ ಮನೆಯಲ್ಲಿ ಉಳಿದಿದ್ದ ಕಥೆ ಇಷ್ಟೇ. ಅದನ್ನೂ ಯಾರೂ ಜೋರಾಗಿ ಹೇಳುತ್ತಿರಲಿಲ್ಲ. ಮದುವೆ ಮಾತುಕತೆ ಬಂದರಂತೂ ಅವರ ಹೆಸರೇ ಎತ್ತುತ್ತಿರಲಿಲ್ಲ. ಅಜ್ಜಿಗೆ ಆಗ ಆರು ವರ್ಷ. ಹಿತ್ತಿಲ ಜಗಲಿಯ ಮೇಲೆ ಅಪ್ಪನಿಗೆ ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಚೊಂಬು. ಆ ಹಿತ್ತಾಳೆ ಚೊಂಬನ್ನು ಬೂದಿ ಹಾಕಿ ತಿಕ್ಕಿ, ಗೋಡೆಯ ಮೇಲೆ ಬೋರಲು ಇಡುತ್ತಿದ್ದರಂತೆ. "ಹತ್ತಿರ ಹೋಗಬೇಡ" ಅಂತ ಅವ್ವ ದಿನಾ ಹೇಳುತ್ತಿದ್ದರಂತೆ. ಅಜ್ಜಿಗೆ ಅಪ್ಪನ ಮುಖ ನೆನಪಿಲ್ಲ ಕಣೋ. ಚೊಂಬು ನೆನಪಿದೆ.

ಮೊದಲು ಗಣಿ ಆಸ್ಪತ್ರೆಯ ಕಾಗದ ಹುಡುಕಲು ಹೋದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಹಳೇ ಕಾಗದ ಎಲ್ಲಿದೆ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ನಾಲ್ಕು ಸಲ ಅಲೆದು ಅದನ್ನು ಬಿಟ್ಟೆ.

ನಮ್ಮದು ಕ್ರೈಸ್ತ ಮನೆತನ ಆಗಿದ್ದು ಇಲ್ಲಿ ಕೈಹಿಡಿಯಿತು. ಚರ್ಚುಗಳಲ್ಲಿ ಸಮಾಧಿ ರಿಜಿಸ್ಟರ್ ಬರೆದಿಡುತ್ತಾರೆ. ಇಸವಿ ಅಜ್ಜಿಗೆ ಗೊತ್ತಿಲ್ಲ. "ಯುದ್ಧದ ಕಾಲ, ಅಕ್ಕಿಗೆ ಬಹಳ ಕಷ್ಟ" ಅಂದರು. ಅಷ್ಟು ಸಾಕಾಯಿತು. ಪಾದ್ರಿಗಳು ಬೀರುವಿನಿಂದ ಎರಡು ದಪ್ಪ ಪುಸ್ತಕ ತೆಗೆದುಕೊಟ್ಟರು. ಬೆನ್ನು ಕಿತ್ತುಹೋಗಿದೆ, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಒಂದೊಂದು ಸಾವಿಗೂ ಒಂದು ಸಾಲು. ಸತ್ತ ದಿನ, ಹೂಳಿದ ದಿನ, ಹೆಸರು, ವಯಸ್ಸು, ಕಸುಬು, ಸಾವಿನ ಕಾರಣ, ಕೊನೆಗೆ ಪಾದ್ರಿಯ ಸಹಿ. ಮಧ್ಯಾಹ್ನದ ಹೊತ್ತಿಗೆ ಮುತ್ತಾತ ಸಿಕ್ಕರು. ವಯಸ್ಸು 38. ಕಸುಬು ಡ್ರಿಲ್ಲರ್. ಕಾರಣ, ಥೈಸಿಸ್.

ಇದು ಗ್ರೀಕ್ ಮೂಲದ ಪದ. ಸವೆದುಹೋಗುವುದು ಅಂತ ಅರ್ಥ. ನಮ್ಮ ಕ್ಷಯ ಅನ್ನುವ ಪದದ ಅರ್ಥವೂ ಅದೇ ಅಲ್ವಾ? ಹಾಗಾದರೆ ಮನೆಯವರು ಹೇಳಿದ್ದೇ ನಿಜ ಅಂದುಕೊಂಡು ಪುಸ್ತಕ ಮುಚ್ಚುವುದರಲ್ಲಿದ್ದೆ. ಸುಮ್ನೆ ಒಂದು ಸಲ ಪುಟ ಪೂರ್ತಿ ಓದಿದೆ. ಹೆಂಗಸರು, ಮಕ್ಕಳ ಸಾಲಿನಲ್ಲಿ ಜ್ವರ, ಭೇದಿ, ಬಾಣಂತಿ ಸಾವು. ಥೈಸಿಸ್ ಅಂತ ಇದ್ದದ್ದು ಒಟ್ಟು ನಾಲ್ಕು ಸಾಲು. ನಾಲ್ವರೂ ಗಂಡಸರು, ನಾಲ್ವರೂ ನಲವತ್ತರ ಆಸುಪಾಸಿನವರು, ನಾಲ್ವರೂ ಗಣಿಯೊಳಗೆ ಇಳಿಯುತ್ತಿದ್ದವರು. ಹಿಂದಿನ ಪುಟ ತಿರುವಿದೆ. ಅಲ್ಲೂ ಹಾಗೇ. ಕ್ಷಯ ಅಂಟುರೋಗ. ಅಷ್ಟು ಜನ ಗಂಡಂದಿರಿಗೆ ಬಂದದ್ದು ಒಬ್ಬ ಹೆಂಡತಿಗೂ ಯಾಕೆ ಬರಲಿಲ್ಲ?

ಶ್ವಾಸಕೋಶದ ಡಾಕ್ಟರೊಬ್ಬರಿಗೆ ಪುಟದ ಫೋಟೋ ತೋರಿಸಿದೆ. ಆ ಕಾಲದಲ್ಲಿ 'ಮೈನರ್ಸ್ ಥೈಸಿಸ್', ಅಂದರೆ ಗಣಿ ಕೆಲಸಗಾರರ ಥೈಸಿಸ್, ಅನ್ನುತ್ತಿದ್ದದ್ದೇ ಈಗಿನ ಸಿಲಿಕೋಸಿಸ್ ಅಂದರು. ಕೆಜಿಎಫ್‌ನ ಚಿನ್ನ ಇದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಆ ಕಲ್ಲನ್ನು ಒಣಗಿದ್ದಂತೆಯೇ ಕೊರೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಏಳುತ್ತದೆ. ಉಸಿರಿನ ಜೊತೆ ಒಳಗೆ ಹೋದದ್ದು ಶ್ವಾಸಕೋಶದ ಆಳದಲ್ಲೇ ಕೂರುತ್ತದೆ, ಸುತ್ತ ಗಂಟು ಕಟ್ಟುತ್ತದೆ. ಕೆಲಸ ಬಿಟ್ಟರೂ ಆ ಗಂಟು ಕರಗುವುದಿಲ್ಲ. ಇವತ್ತಿಗೂ ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಆದರೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಭಾರತದಲ್ಲಿ ಈ ಕಾಯಿಲೆಯ ಮೊದಲ ವರದಿ ಅಂತ ವೈದ್ಯಕೀಯ ಪುಸ್ತಕಗಳು ಹೇಳುವುದು 1947ರ ಕೋಲಾರ ಗಣಿಗಳ ವರದಿಯನ್ನೇ. ಅಷ್ಟರಲ್ಲಿ ನಮ್ಮ ಮುತ್ತಾತ ಮಣ್ಣಾಗಿ ವರ್ಷಗಳಾಗಿದ್ದವು.

ಡಾಕ್ಟರು ಇನ್ನೊಂದು ಮಾತೂ ಹೇಳಿದರು. ಧೂಳು ತುಂಬಿದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ, ಎಷ್ಟೋ ಜನರಿಗೆ ಎರಡೂ ಇರುತ್ತಿತ್ತು ಅಂತ. ಎಕ್ಸ್‌ರೇ ಇಲ್ಲದೆ ಬೇರೆ ಬೇರೆ ಮಾಡಿ ಹೇಳಲು ಆಗುವುದಿಲ್ಲ.

ಈಗ ನಿಮ್ಮ ತಾತನ ವಿಷಯ. ನಿಮ್ಮಲ್ಲಿ ಹೊಲದ ಬದುವಿನಲ್ಲೇ ಸಮಾಧಿ, ರಿಜಿಸ್ಟರ್ ಇಲ್ಲ ಅಂದೆ. ಚಿಕ್ಕಬಳ್ಳಾಪುರದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಊರಿನ ಹಳೇ ಜನನ ಮರಣ ಪುಸ್ತಕ ಇದೆಯಾ ಕೇಳು. ಒಂದು ವಿಷಯ ಗೊತ್ತಿರಲಿ. 1969ರ ಜನನ ಮರಣ ನೋಂದಣಿ ಕಾಯಿದೆಯಲ್ಲಿ, ಮರಣದ ದಾಖಲೆಯ ನಕಲು ಕೊಡುವಾಗ ಸಾವಿನ ಕಾರಣ ತೋರಿಸಬಾರದು ಅಂತ ಇದೆ. ಹಾಗಾಗಿ ಪ್ರಮಾಣಪತ್ರ ಸಿಕ್ಕರೂ ನಿನಗೆ ಬೇಕಾದದ್ದು ಅದರಲ್ಲಿ ಇರುವುದಿಲ್ಲ. ಆಸ್ಪತ್ರೆಯನ್ನು ನಂಬಿ ಕೂರಬೇಡ. 2002ರ ವೈದ್ಯಕೀಯ ಮಂಡಳಿ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟರೆ ಸಾಕು. ನಿಮ್ಮ ದೊಡ್ಡಪ್ಪನ ಟ್ರಂಕಿನಲ್ಲಿ ಆಸ್ಪತ್ರೆ ಚೀಟಿ, ಎಕ್ಸ್‌ರೇ ಕವರ್ ಏನಿದ್ದರೂ ದಯವಿಟ್ಟು ಎಸೆಯಲು ಬಿಡಬೇಡ. ಫೋಟೋ ತೆಗೆಯುವಾಗ ನಿಮ್ಮವರ ಸಾಲು ಒಂದನ್ನೇ ತೆಗೆಯಬೇಡ, ಪುಟ ಪೂರ್ತಿ ತೆಗೆ.

ಭಾನುವಾರ ಅಜ್ಜಿಯ ಪಕ್ಕ ಕೂತು ಎಲ್ಲ ಹೇಳಿದೆ. ಆ ಸಾಲನ್ನು ಮೂರು ಸಲ ಓದಿಸಿದರು. ಆಮೇಲೆ ತುಂಬಾ ಹೊತ್ತು ಮಾತಿಲ್ಲ. ಕೊನೆಗೆ ಕೇಳಿದರು, "ಹಂಗಾದ್ರೆ ನಾನು ಅಪ್ಪನ ಹತ್ರ ಹೋಗಬಹುದಾಗಿತ್ತಾ?"

ಡಾಕ್ಟರು ಹೇಳಿದ ಎರಡನೇ ಮಾತು ನಾಲಿಗೆ ತುದಿಯವರೆಗೆ ಬಂತು. ಹೇಳಲು ಆಗಲಿಲ್ಲ. ಅವರ ಕೈ ಹಿಡಿದುಕೊಂಡು ಕೂತೆ.

ಮುಂದಿನ ಶನಿವಾರ ಅಜ್ಜಿಯನ್ನು ಕೆಜಿಎಫ್‌ಗೆ ಕರೆದುಕೊಂಡು ಹೋಗುತ್ತಿದ್ದೇನೆ. ಮುತ್ತಾತನಿಗೆ ಕಲ್ಲು ಹಾಕಿಸಿರಲಿಲ್ಲ, ಆದರೆ ಗಣಿಯವರನ್ನು ಹೂಳುತ್ತಿದ್ದ ಕಡೆ ಯಾವುದು ಅಂತ ಪಾದ್ರಿಗಳು ತೋರಿಸಿದ್ದಾರೆ. ನೀನೂ ಬಾ. ಬಿಸಿಲೇರುವ ಮೊದಲೇ ಹೊರಡೋಣ. ಅಲ್ಲಿ ಕೂರಲು ಜಾಗ ಇಲ್ಲ. ನಿಮ್ಮ ಮನೆಯ ಮಡಚುವ ಕುರ್ಚಿ ತಗೊಂಡು ಬಾ, ಅಜ್ಜಿ ತುಂಬಾ ಹೊತ್ತು ಕೂರುತ್ತಾರೆ ಅನಿಸುತ್ತೆ.

ನಿನ್ನ ಗೆಳೆಯ,
ಕೋಲಾರದಿಂದ