ಗೋರಿಕಲ್ಲಿಗೆ ಆಸಿಡ್ ಬೇಡ, ಸಿಮೆಂಟೂ ಬೇಡ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯರೇ,

ಹಳೆಯ ಬೆಂಗಳೂರನ್ನು ನಡೆದೇ ನೋಡಬೇಕೆನ್ನುವವರು ಕೆ.ಆರ್. ಮಾರುಕಟ್ಟೆ ಪಕ್ಕದ ಕೋಟೆ ಬಾಗಿಲಿನಿಂದ ಹೊರಡುವುದು ವಾಡಿಕೆ. ಹೈದರಾಲಿ 1761ರಲ್ಲಿ ಕಲ್ಲಿನಿಂದ ಕಟ್ಟಿಸಿದ ಕೋಟೆ ಅದು. 1791ರ ಮಾರ್ಚ್ 21ರ ರಾತ್ರಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಗೋಡೆ ಒಡೆದು ಒಳನುಗ್ಗಿತು. ಕೋಟೆ ಕಾಯುತ್ತ ಮಡಿದ ಕಿಲ್ಲೇದಾರ (ಕೋಟೆಯ ಮುಖ್ಯಾಧಿಕಾರಿ) ಬಹಾದೂರ್ ಖಾನನ ಗೋರಿ ಅವೆನ್ಯೂ ರಸ್ತೆಯ ತುದಿಯಲ್ಲಿ ದರ್ಗಾ ಆಗಿ ಇಂದಿಗೂ ಇದೆ. ಎದುರು ಪಾಳೆಯದ ಅಧಿಕಾರಿಗಳನ್ನು ಹೂತ ಕೋಟೆ ಸ್ಮಶಾನ ಮಾತ್ರ ಉಳಿದಿಲ್ಲ. ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಚಿತ್ರಗಳಲ್ಲಿ ಅದು ಕಾಣುತ್ತದೆ. 1912ರ ಹೊತ್ತಿಗೆ ಇರಲಿಲ್ಲ. ಆ ಅಧಿಕಾರಿಗಳ ಹೆಸರಿದ್ದ ಸ್ಮಾರಕ ಕಂಬವನ್ನು 1964ರಲ್ಲಿ ಕೆಡವಲಾಯಿತು. ದಂಡೆತ್ತಿ ಬಂದವರ ಕಂಬ ನಮ್ಮೂರಲ್ಲಿ ಬೇಡವೆಂಬ ಸಿಟ್ಟು ಅರ್ಥವಾಗುವಂಥದ್ದೇ. ಆದರೆ ಹೊಸೂರು ರಸ್ತೆಯ, ಕಲ್ಪಳ್ಳಿಯ ಸ್ಮಶಾನಗಳಲ್ಲಿ ಮಲಗಿರುವವರು ಇದೇ ಊರಿನಲ್ಲಿ ಬಾಳಿದ ಜನ. ಅವರ ಕಲ್ಲುಗಳನ್ನು ಇಂದು ಹಾಳು ಮಾಡುತ್ತಿರುವುದು ಸಿಟ್ಟಲ್ಲ, ತಿಳಿಯದೆ ಮಾಡುವ ‘ಸ್ವಚ್ಛತೆ’.

ಅಮೃತಶಿಲೆಗೆ ಆಸಿಡ್ ಸುರಿದರೆ ನೊರೆ ಬರುತ್ತದೆ. ಹೋಗುತ್ತಿರುವುದು ಕೊಳೆಯಲ್ಲ, ಕಲ್ಲೇ. ಮೇಲ್ಪದರ ಕರಗಿದಂತೆ, ಅಕ್ಷರಗಳಿಗೆ ತುಂಬಿದ ಸೀಸ ಸಡಿಲವಾಗಿ ಉದುರುತ್ತದೆ. ಉದುರಿದರೂ ಸೀಸ ಹಿಡಿದಿಡಲು ಕೊರೆದ ಸಣ್ಣ ತೂತುಗಳು ಉಳಿದಿರುತ್ತವೆ. ಅವುಗಳ ಸಾಲು ನೋಡಿಯೇ ಹೆಸರು ಓದಬಹುದು. ಮೇಸ್ತ್ರಿ ಆ ತೂತುಗಳಿಗೆ ಬಿಳಿ ಸಿಮೆಂಟು ಮೆತ್ತಿದನೆಂದರೆ ಆ ದಾರಿಯೂ ಮುಚ್ಚಿತು.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಮೊದಲು ಫೋಟೊ, ಆಮೇಲೆ ನೀರು. ಸವೆದ ಬರಹ ಓದಲೆಂದು ಸೀಮೆಸುಣ್ಣ ತಿಕ್ಕಬಾರದು. ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಓರೆಯಾಗಿ ಬೀಳಿಸಿದರೆ ಅಕ್ಷರಗಳು ನೆರಳಿನಲ್ಲಿ ಎದ್ದು ಕಾಣುತ್ತವೆ. ತೊಳೆಯಲು ಬರೀ ನೀರು, ಮೆತ್ತನೆಯ ನೈಲಾನ್ ಬ್ರಷ್ ಸಾಕು. ಕೆಳಗಿನಿಂದ ಮೇಲಕ್ಕೆ ತೊಳೆಯುತ್ತ ಹೋದರೆ ಕೊಳೆನೀರು ಒಣಕಲ್ಲಿನ ಮೇಲೆ ಹರಿದು ಗೆರೆ ಹಿಡಿಯುವುದಿಲ್ಲ. ತಂತಿ ಬ್ರಷ್, ಪ್ರೆಶರ್ ಪಂಪು ಎರಡೂ ಬೇಡ. ಕಲ್ಲು ಪುಡಿಪುಡಿಯಾಗಿ ಉದುರುತ್ತಿದ್ದರೆ ಮುಟ್ಟದಿರುವುದೇ ಮೇಲು.

ಇಟ್ಟಿಗೆ–ಗಾರೆಯ ಹಳೆಯ ಗೋರಿಗಳ ಸಂದಿಗೆ ಸಿಮೆಂಟು ತುಂಬುವುದು ಇನ್ನೂ ದೊಡ್ಡ ಅನಾಹುತ. ಒಳಗಿನ ತೇವ ಸಂದಿಯಿಂದ ಆರಲಾಗದೆ ಇಟ್ಟಿಗೆಯ ಮೂಲಕವೇ ಹೊರಬರುತ್ತದೆ, ಉಪ್ಪು ಮೈಮೇಲೆ ಹರಳುಗಟ್ಟಿ ಇಟ್ಟಿಗೆ ಚಕ್ಕೆಯೇಳುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ ಹಾಕಿ, ವಾರವಾದರೂ ಒದ್ದೆ ಗೋಣಿಚೀಲ ಹೊದಿಸಿಡಬೇಕು. ಬಿಸಿಲಿಗೆ ಬೇಗ ಒಣಗಿದ ಗಾರೆ ಬಿರಿಯುತ್ತದೆ. ಸಂದಿಯಲ್ಲಿ ಹುಟ್ಟಿದ ಅರಳಿ ಗಿಡ ಬಲಿತಿದ್ದರೆ ಎಳೆದು ಕೀಳಬಾರದು, ಬೇರಿನ ಜೊತೆ ಕಲ್ಲೂ ಕಿತ್ತು ಬರುತ್ತದೆ. ಬುಡಕ್ಕೆ ಕತ್ತರಿಸಿ, ಮತ್ತೆ ಚಿಗುರಿದಾಗಲೆಲ್ಲ ಕತ್ತರಿಸಬೇಕು.

ಈ ಸ್ಮಶಾನಗಳ ಆಡಳಿತ ಬೇರೆಯವರ ಕೈಯಲ್ಲಿದ್ದರೂ ತಮ್ಮಿಂದ ಆಗುವ ಕೆಲಸವಿದೆ. ಪಾಲಿಕೆಯ ಹಣದಲ್ಲಿ ನಡೆಯುವ ಪ್ರತಿ ಸ್ಮಶಾನ ಕಾಮಗಾರಿಯ ಟೆಂಡರಿನಲ್ಲೂ ಈ ಷರತ್ತುಗಳಿರಲಿ. ಫೋಟೊ ದಾಖಲೆ ಮುಗಿಯದೆ ಬಿಲ್ಲು ಪಾಸಾಗದಿರಲಿ. ಚರ್ಚ್ ಮತ್ತು ಸ್ಮಶಾನ ಸಮಿತಿಗಳಿಗೆ ಕನ್ನಡ, ತಮಿಳು, ಇಂಗ್ಲಿಷಿನಲ್ಲಿ ಒಂದು ಪುಟದ ಸೂಚನೆ ಕಳಿಸಿ.

ಇನ್ನು ನಡೆಯುವ ದಾರಿ. ಮಾರುಕಟ್ಟೆಯಿಂದ ಹೊಸೂರು ರಸ್ತೆಯ ಸ್ಮಶಾನದವರೆಗೆ ಫುಟ್‌ಪಾತ್ ಎಷ್ಟೋ ಕಡೆ ಕಡಿದುಹೋಗಿದೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವಿರಬೇಕು, ಅಂಚಿನ ಎತ್ತರ 150 ಮಿಲಿಮೀಟರ್ ಮೀರಬಾರದು. ಮುಖ್ಯವಾಗಿ ಸ್ಮಶಾನದ ಗೇಟಿನೆದುರು ಇದನ್ನು ಅಳೆಸಿ ಸರಿಪಡಿಸಿ. ಹೆತ್ತವರ ಗೋರಿಗೆ ಹೂವಿಡಲು ಬರುವ ವಯಸ್ಸಾದವರು ಇಳಿಯುವುದು ಅಲ್ಲೇ. ಎರಡೂ ಕೆಲಸಕ್ಕೆ ಮುಂಗಾರಿಗೆ ಮೊದಲೇ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ.

ಇಂತಿ,
ಬೆಂಗಳೂರಿನ ಹಳೆಯ ಕಲ್ಲುಬರಹಗಳನ್ನು ದಾಖಲಿಸುವ ನಾಗರಿಕರು