ಶನಿವಾರದ ವಿಮಾನ ಮಾದರಿ ತರಗತಿ: ಒಂಬತ್ತನೇ ತರಗತಿಯ ಪಾಲಕರಿಗೆ ಪತ್ರ

ಆತ್ಮೀಯ ಪಾಲಕರೇ,

ನಮಸ್ಕಾರ. ಕಳೆದ ವಾರ ನಿಮ್ಮಲ್ಲಿ ಕೆಲವರು ಶಾಲೆಗೆ ಬಂದು ಮಾತಾಡಿದಿರಿ, ಕೆಲವರು ಫೋನ್ ಮಾಡಿದಿರಿ. ಮಕ್ಕಳು ವಿಮಾನದ ಮಾದರಿ ಮಾಡುವ ಶನಿವಾರದ ತರಗತಿಯಲ್ಲಿ ಒಬ್ಬ ಹುಡುಗನ ಬೆರಳಿಗೆ ಬ್ಲೇಡ್ ತಾಗಿದ್ದು ನಿಜ. ಗಾಯ ಸಣ್ಣದು. ಅಲ್ಲೇ ತೊಳೆದು ಪಟ್ಟಿ ಹಾಕಿ, ಆಗಲೇ ಮನೆಗೂ ತಿಳಿಸಿದ್ದೆವು. ಆದರೂ ಮಗುವಿನ ಕೈಯಲ್ಲಿ ರಕ್ತ ಕಂಡರೆ ತಂದೆ ತಾಯಿಗೆ ಏನಾಗುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ನಾನೂ ಇಬ್ಬರು ಮಕ್ಕಳ ತಾಯಿ.

ಇನ್ನು ಮುಂದೆ ಬ್ಲೇಡ್, ಕಟರ್ ಎಲ್ಲ ವಿಜ್ಞಾನದ ಸರ್ ಹತ್ತಿರ ಬೀಗದಲ್ಲಿ ಇರುತ್ತವೆ. ಅವರು ಪಕ್ಕದಲ್ಲಿ ಇದ್ದಾಗ ಮಾತ್ರ ಮಕ್ಕಳು ಕತ್ತರಿಸಬೇಕು. ಫೆವಿಕ್ವಿಕ್ ಹಚ್ಚುವಾಗ ಕಿಟಕಿ ತೆರೆದಿರುತ್ತದೆ. ಬಣ್ಣ ನೀರಿನಲ್ಲಿ ಕಲಸುವಂಥದ್ದು, ಸ್ಪ್ರೇ ಇಲ್ಲ. ಸಿರಿಂಜ್ ಸೂಜಿ ಬಳಸುತ್ತಾರಂತೆ ಅಂತ ಒಬ್ಬ ತಾಯಿ ಗಾಬರಿಯಿಂದ ಕೇಳಿದರು. ವಿಮಾನದ ಮೂತಿಯ ಮೇಲೆ ಉದ್ದಕ್ಕೆ ಚಾಚಿದ ಕೊಳವೆಗೆ ಒಂದು ಸೂಜಿ ಬಳಸಿದ್ದೇವೆ. ಅದು ಪ್ಯಾಕೆಟ್ ಒಡೆಯದ ಹೊಸ ಸೂಜಿ. ತುದಿಯನ್ನು ಸರ್ ಮೊದಲೇ ಕತ್ತರಿಸಿ, ಉಜ್ಜಿ ಮೊಂಡು ಮಾಡಿ ಕೊಟ್ಟಿದ್ದಾರೆ.

ಇಷ್ಟು ಹೇಳಿದ ಮೇಲೂ ನಿಮ್ಮ ಒಂದು ಪ್ರಶ್ನೆ ಉಳಿಯಿತು. ಡಬ್ಬಿಯಲ್ಲಿ ಬಂದ ಭಾಗ ಜೋಡಿಸಿ ಬಣ್ಣ ಹಚ್ಚಿದರೆ ಸಾಕಲ್ವಾ? ಅದರ ಮೇಲೆ ಮತ್ತೆ ತಂತಿ, ಬೆಲ್ಟು, ಪೈಪು ಅಂತ ತಿಂಗಳುಗಟ್ಟಲೆ ಕೂರುವುದು ಯಾಕೆ?

ಬೀದರಿನ ಮಕ್ಕಳಿಗೆ ವಿಮಾನದ ಹುಚ್ಚು ಹಿಡಿಸಬೇಕಾಗಿಲ್ಲ. ಪಾಠದ ನಡುವೆ ವಾಯುಪಡೆಯ ತರಬೇತಿಯ ಹಾಕ್ ವಿಮಾನ ಹಾರಿದರೆ ಇಡೀ ತರಗತಿ ಕಿಟಕಿಗೆ ಹೋಗುತ್ತದೆ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೇ ನಮ್ಮೂರಲ್ಲಿ. ಹಳೆ ವಿದ್ಯಾರ್ಥಿಯೊಬ್ಬರು ಶಾಲೆಗೆ ಕೊಟ್ಟ ಕಿಟ್, ಅಂದರೆ ಜೋಡಿಸುವ ಭಾಗಗಳ ಡಬ್ಬಿ, ಮಾತ್ರ ಮಿಗ್-21 ಯುದ್ಧವಿಮಾನದ್ದು. 1963ರಲ್ಲಿ ನಮ್ಮ ವಾಯುಪಡೆ ಸೇರಿ, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಪಡೆದ ವಿಮಾನ ಅದು. ಕಿಟ್ ನಿಜವಾದ ವಿಮಾನದ 32ರಲ್ಲಿ ಒಂದು ಅಳತೆಯದು, ಅಂದರೆ ಹೆಚ್ಚು ಕಡಿಮೆ ಅರ್ಧ ಮೀಟರ್ ಉದ್ದ. ಇಷ್ಟು ದೊಡ್ಡ ಮಾದರಿಯಲ್ಲಿ ಇಲ್ಲದ್ದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಸೀಟಿನ ಬೆಲ್ಟು ಬರೀ ಉಬ್ಬು ಗೆರೆ. ಚಕ್ರದ ಕಾಲಿಗೆ ಬ್ರೇಕ್ ಪೈಪೇ ಇಲ್ಲ. ಚಕ್ರ ಒಳಗೆ ಹೋಗುವ ಗೂಡು ಖಾಲಿ.

ಆ ಬ್ರೇಕ್ ಪೈಪಿನ ಕತೆ ಹೇಳುತ್ತೇನೆ. ನಿಜವಾದ ಪೈಪು 6 ಮಿಲಿಮೀಟರ್ ದಪ್ಪ ಅಂತ ಇಟ್ಟುಕೊಂಡರೆ ನಮಗೆ ಎಷ್ಟು ದಪ್ಪದ ತಂತಿ ಬೇಕು ಅಂತ ಸರ್ ಕೇಳಿದರು. ಮಕ್ಕಳು 32ರಿಂದ ಭಾಗಿಸಿದರು. 0.2 ಮಿಲಿಮೀಟರ್ ಹತ್ತಿರ ಬಂತು. ಟೆಲಿಫೋನ್ ವೈರ್ ತಂದರು, ದಪ್ಪ ಆಯಿತು. ಹಳೆ ಟೇಬಲ್ ಫ್ಯಾನಿನ ವೈರ್ ಬಿಡಿಸಿ, ಒಳಗಿನ ತಾಮ್ರದ ಒಂದೇ ಎಳೆಯನ್ನು ಲ್ಯಾಬಿನ ಸ್ಕ್ರೂ ಗೇಜಿನಲ್ಲಿ ಹಿಡಿದು ನೋಡಿದರು. ಸರಿಯಾಗಿ ಕೂತಿತು. ಆ ಎಳೆಯನ್ನು ಮೇಜಿನ ಮೇಲೆ ಸ್ಟೀಲ್ ಪಟ್ಟಿಯಿಂದ ಉರುಳಿಸಿ ನೆಟ್ಟಗೆ ಮಾಡಿದರು. ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ತೆಗೆದು ಕಾಲಿನ ಉದ್ದಕ್ಕೂ ಅಂಟಿಸಿದರು. ಗಣಿತದಲ್ಲಿ ಅನುಪಾತ ಅಂದರೆ ಮುಖ ತಿರುಗಿಸುತ್ತಿದ್ದ ಹುಡುಗನೇ ಆ ಲೆಕ್ಕ ಮಾಡಿದ್ದು.

ಖಾಲಿ ಗೂಡಿನ ವಿಷಯವೂ ಹಾಗೇ. ಅದರೊಳಗೆ ಏನು ಹಾಕಬೇಕು ಅಂತ ಫೋಟೋ ಹುಡುಕುವಾಗ ಮಕ್ಕಳು ಒಂದು ಸಂಗತಿ ಕಂಡುಹಿಡಿದರು. ಮಿಗ್-21ರ ರೆಕ್ಕೆ ಬಹಳ ತೆಳ್ಳಗೆ. ಹಿಂದಿನ ಚಕ್ರ ಅದರಲ್ಲಿ ಹಿಡಿಯುವುದಿಲ್ಲ. ಅದಕ್ಕೇ ಕಾಲು ಮಡಚುವಾಗ ಚಕ್ರ ತಿರುಗಿ, ನೆಟ್ಟಗೆ ನಿಂತು ವಿಮಾನದ ಹೊಟ್ಟೆಯೊಳಗೆ ಸೇರುತ್ತದೆ. ಸುಮ್ನೆ ಜೋಡಿಸಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಮಕ್ಕಳೇ ಹೇಳಿಕೊಟ್ಟರು.

ನಮ್ಮೂರಲ್ಲಿ ಬಿದ್ರಿ ಹೂಜಿಯ ಮೇಲೆ ದಿನಗಟ್ಟಲೆ ಕೂತು ಬೆಳ್ಳಿ ತಂತಿ ಕೂರಿಸುತ್ತಾರೆ. ಅದನ್ನು ಯಾರಾದರೂ ಟೈಮ್ ವೇಸ್ಟ್ ಅನ್ನುತ್ತೇವಾ?

ಈಗ ನಿಮಗೆ ಇಷ್ಟವಾಗದ ಮಾತು. ಕೆಲವು ಪಾಲಕರು, ರೆಡಿಮೇಡ್ ಸೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ದುಡ್ಡು ನಾವೇ ಕೊಡುತ್ತೇವೆ, ಮಕ್ಕಳಿಗೆ ಬ್ಲೇಡ್ ಹಿಡಿಯುವುದೂ ತಪ್ಪುತ್ತದೆ ಎಂದಿರಿ. ನಿಮ್ಮ ಮನಸ್ಸು ದೊಡ್ಡದು, ಅದಕ್ಕೆ ಧನ್ಯವಾದ. ಆ ಸೆಟ್‌ನಲ್ಲಿ ತೆಳು ಹಿತ್ತಾಳೆ ಹಾಳೆಯಲ್ಲಿ ಬೆಲ್ಟು, ಮೀಟರ್ ಬೋರ್ಡು ಎಲ್ಲ ಕೊರೆದು ಬರುತ್ತವೆ. ದೊಡ್ಡ ದೊಡ್ಡ ಹವ್ಯಾಸಿಗಳೂ ಅದನ್ನೇ ಬಳಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ತರಗತಿಗೆ ಅದು ಬೇಡ. ಮನೆಯಲ್ಲಿ ಅಣ್ಣನೋ ಕಾಕಾನೋ ಮಾಡಿಕೊಟ್ಟ ಭಾಗವೂ ಬೇಡ. ಮುಲಾಮಿನ ಖಾಲಿ ಟ್ಯೂಬ್ ಸೀಳಿ, ತೊಳೆದು, ಚಪ್ಪಟೆ ಮಾಡಿ ಒಬ್ಬಳು ಹುಡುಗಿ ಬೆಲ್ಟು ಕತ್ತರಿಸಿದ್ದಾಳೆ. ಒಂದು ಪಟ್ಟಿ ಸ್ವಲ್ಪ ಸೊಟ್ಟಗಿದೆ. ಸೀಟಿನ ಮೇಲೆ ನಿಜವಾದ ಬಟ್ಟೆಯ ಹಾಗೆ ಮಡಚಿ ಬಿದ್ದಿದೆ. ಅದನ್ನು ಕಿತ್ತು ಹಿತ್ತಾಳೆಯದು ಹಾಕಿ ಅಂತ ನಾನು ಆ ಮಗುವಿಗೆ ಹೇಳಲಾರೆ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಎಲ್ಲ ಮನೆಯಲ್ಲೂ ಅಷ್ಟು ದುಡ್ಡು ಇರುವುದಿಲ್ಲ ಅನ್ನುವುದು ನಿಮಗೂ ಗೊತ್ತು. ಹಳೆ ವೈರ್, ಖಾಲಿ ಟ್ಯೂಬ್ ಎಲ್ಲರ ಮನೆಯಲ್ಲೂ ಇರುತ್ತದೆ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ರೆಡಿಮೇಡ್ ಭಾಗ ತಂದರೆ ವಾಪಸ್ ಕಳುಹಿಸುತ್ತೇವೆ. ಮಗುವನ್ನು ಬೈಯುವುದಿಲ್ಲ, ಭಾಗ ಮಾತ್ರ ವಾಪಸ್.

ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಅನ್ನುವ ಚಿಂತೆ ನಮಗೂ ಇದೆ. ತರಗತಿ ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಮಾತ್ರ. ಹೋಂವರ್ಕ್ ಬಾಕಿ ಇದ್ದವರು ಮೊದಲು ಅದನ್ನು ಮುಗಿಸಬೇಕು. ಹತ್ತನೇ ತರಗತಿಗೆ ಹೋದ ಮೇಲೆ ಈ ಕೆಲಸ ಇರುವುದಿಲ್ಲ.

ಮಗುವನ್ನು ಕಳುಹಿಸಲು ಇಷ್ಟವಿಲ್ಲದವರಿಗೆ ಒತ್ತಾಯವಿಲ್ಲ. ಇಷ್ಟವಿದ್ದವರು ಇದರ ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶುಕ್ರವಾರದೊಳಗೆ ಕಳುಹಿಸಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯಗುರುಗಳು
ಬೀದರ್